ಹೋಬಳಿ ಕೂಟ ಮುಗಿದ ಮೇಲೆ

ನಮ್ಮ ಕಡೆ ಆಲೂಗಡ್ಡೆ ಕೀಳುವ ಕಾಲವೂ ಶಾಲೆಗಳ ಹೋಬಳಿ ಕೂಟವೂ ಒಟ್ಟಿಗೇ ಬರುತ್ತವೆ. ಮೇ ತಿಂಗಳ ಮಳೆ ನೋಡಿಕೊಂಡು ಹಾಕಿದ ಬೆಳೆ ಆಗಸ್ಟ್ ಹೊತ್ತಿಗೆ ಕೀಳಲು ಬರುತ್ತದೆ. ಅದೇ ಹೊತ್ತಿಗೆ ಕೂಟದ ಸುತ್ತೋಲೆ ಶಾಲೆಯ ಬಾಗಿಲಿಗೆ ಬರುತ್ತದೆ. ಸಾಲಗಾಮೆ ಹೋಬಳಿಯಲ್ಲಿ ಮಕ್ಕಳನ್ನು ಓಡಿಸಿದ ಯಾವ ದೈಹಿಕ ಶಿಕ್ಷಕನನ್ನು ಕೇಳಿದರೂ ಟ್ರ್ಯಾಕಿನ ಮಾತಿಗಿಂತ ಮೊದಲು ಹೊಲದ ಮಾತು ತೆಗೆಯುತ್ತಾನೆ.

ಒಂದು ವರ್ಷ ಕೂಟದ ದಿನ ಬೆಳಿಗ್ಗೆ ಏಳು ಗಂಟೆಗೆ ಒಂಬತ್ತನೇ ತರಗತಿಯ ಒಬ್ಬ ಹುಡುಗಿಯ ಮನೆ ಮುಂದೆ ಸೈಕಲ್ ನಿಲ್ಲಿಸಿದೆ. ತಾಯಿ ಕುಕ್ಕೆ ಎತ್ತಿಕೊಂಡು ಹೊಲಕ್ಕೆ ಹೊರಟಿದ್ದರು. ‘ಇವತ್ತು ಆಳು ಸಿಕ್ಕಿಲ್ಲ ಮೇಷ್ಟ್ರೇ, ನಾಳೆ ಓಡ್ಲಿ ಬಿಡಿ’ ಅಂದರು. ‘ನಾಳೆ ಓಟ ಇರಲ್ಲ ಕಣಮ್ಮ, ಇವತ್ತೇ ಇರೋದು’ ಅಂದೆ. ಮಗಳ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಒಳಗೆ ಹೋಗಿ ಎರಡು ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಟ್ಟು ಕಳಿಸಿದರು. ಹುಡುಗಿ ಬರಿಗಾಲಲ್ಲೇ ಎಂಟುನೂರು, ಸಾವಿರದೈನೂರು ಎರಡನ್ನೂ ಗೆದ್ದಳು. ಸಂಜೆ ಪ್ರಮಾಣಪತ್ರ ಹಿಡಿದು ಅವಳ ಜೊತೆ ಮನೆಗೆ ಹೋದೆ. ಆ ತಾಯಿ ಅದನ್ನು ಸೆರಗಿನಲ್ಲಿ ಒರೆಸಿ, ದೇವರ ಫೋಟೊ ಹಿಂದೆ ಸಿಕ್ಕಿಸಿ, ಕೇಳಿದರು: ‘ಗೆದ್ಲು, ಸಂತೋಷ. ಆಮೇಲೇನು ಮೇಷ್ಟ್ರೇ?’

ತಾಲ್ಲೂಕು, ಆಮೇಲೆ ಜಿಲ್ಲೆ, ಆಮೇಲೆ ವಿಭಾಗ, ಆಮೇಲೆ ರಾಜ್ಯ ಎಂದು ಒಪ್ಪಿಸಿದೆ. ಹುಡುಗಿ ಜಿಲ್ಲಾ ಮಟ್ಟದವರೆಗೆ ಓಡಿದಳು. ಎಸ್ಸೆಸ್ಸೆಲ್ಸಿ ಮುಗಿಸಿ ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿದಳು. ಅವಳ ಓಟದ ಲಯ ನನ್ನ ಕಣ್ಣಲ್ಲಿ ಇನ್ನೂ ಹಾಗೇ ಇದೆ.

ಸ್ಮರಣ ಸಂಚಿಕೆಗೆ ಕ್ರೀಡಾ ಪ್ರೋತ್ಸಾಹದ ಇತಿಹಾಸ ಬರೆದುಕೊಡಿ ಎಂದು ಸಮಿತಿಯವರು ಕೇಳಿದಾಗ ನನಗೆ ನೆನಪಾದದ್ದು ಆ ತಾಯಿಯ ‘ಆಮೇಲೇನು’. ಹೋಬಳಿ ಕೂಟಕ್ಕೆ ಸ್ವಂತ ಕಟ್ಟಡವಿಲ್ಲ, ನಾಮಫಲಕವಿಲ್ಲ, ಅಧ್ಯಕ್ಷರ ಸಾಲುಚಿತ್ರವಿಲ್ಲ. ವರ್ಷಕ್ಕೆ ಎರಡು ಮೂರು ದಿನ ಒಂದು ಶಾಲೆಯ ಮೈದಾನದಲ್ಲಿ ಹುಟ್ಟಿ, ಸಂಜೆ ಶಾಮಿಯಾನ ಬಿಚ್ಚಿದಾಗ ಕರಗಿಹೋಗುತ್ತದೆ. ಆದರೂ ನಮ್ಮ ಊರುಗಳ ಮಟ್ಟಿಗೆ ಅದಕ್ಕಿಂತ ಗಟ್ಟಿಯಾದ ಕ್ರೀಡಾ ಸಂಸ್ಥೆ ಇನ್ನೊಂದಿಲ್ಲ. ಅಲ್ಲಿ ಕಣ್ಣಿಗೆ ಬಿದ್ದ ಮಗುವನ್ನು ಮುಂದಕ್ಕೆ ಯಾರು ಕೈಹಿಡಿದು ಕರೆದೊಯ್ದರು, ಯಾರು ದಾರಿಯಲ್ಲಿ ಕೈಬಿಟ್ಟರು ಎಂಬುದನ್ನೇ ನಾನು ಈ ಸಂಸ್ಥೆಯ ಇತಿಹಾಸ ಎಂದು ಬರೆಯುತ್ತಿದ್ದೇನೆ.

ಸರ್ಕಾರದ ಇಲಾಖೆ, ಸಂಘ, ಒಕ್ಕೂಟ ಇವೆಲ್ಲ ಬರುವ ಮುಂಚೆ ನಮ್ಮಲ್ಲಿ ಗರಡಿ ಮನೆ ಇತ್ತು. ಹಳೇ ಮೈಸೂರಿನ ಊರೂರಲ್ಲಿ ಗರಡಿ, ಗರಡಿಗೊಬ್ಬ ಉಸ್ತಾದ್, ಮಟ್ಟಿಯ ಮಣ್ಣು. ಕುಸ್ತಿಯಲ್ಲಿ ಕೈ ಇರುವ ಹುಡುಗ ಸಿಕ್ಕಿದರೆ ಅವನಿಗೆ ಹಾಲು, ತುಪ್ಪ, ಬಾದಾಮಿ ಒದಗಿಸುವುದು ಊರಿನ ಅನುಕೂಲಸ್ಥರ ಪಾಲಿಗೆ ಬರುತ್ತಿತ್ತು. ಜಾತ್ರೆಯ ಅಖಾಡದಲ್ಲಿ ಅವನು ಗೆದ್ದರೆ ಊರೇ ಗೆದ್ದಂತೆ. ಗರಡಿಯಲ್ಲಿ ಹೆಣ್ಣುಮಕ್ಕಳಿಗೆ ಜಾಗವಿರಲಿಲ್ಲ, ಎಲ್ಲ ಜಾತಿಯ ಮಕ್ಕಳಿಗೂ ಬಾಗಿಲು ಒಂದೇ ಸಮ ತೆರೆದಿರಲಿಲ್ಲ, ಅದನ್ನು ಮರೆಯಬಾರದು. ಆದರೆ ಒಂದು ವಿಷಯ ಆ ವ್ಯವಸ್ಥೆಗೆ ತಿಳಿದಿತ್ತು. ಪಂದ್ಯ ಗೆದ್ದ ದಿನ ಕೊಡುವ ಬೆಳ್ಳಿ ಗದೆಗಿಂತ, ಗೆಲ್ಲುವುದಕ್ಕೆ ಮುಂಚಿನ ಮುನ್ನೂರು ದಿನ ಕೊಡುವ ಹಾಲು ದೊಡ್ಡದು.

ಹೊರಗಿನ ಆಟಗಳಿಗೆ ಆ ಹಾಲು ಕೊಡುವವರು ಹುಟ್ಟಿಕೊಂಡದ್ದು ಬಹಳ ತಡವಾಗಿ. 1919ರಲ್ಲಿ ಪುಣೆಯ ಡೆಕ್ಕನ್ ಜಿಮ್‌ಖಾನಾದ ಕ್ರೀಡಾಕೂಟದಲ್ಲಿ ದೊರಾಬ್ಜಿ ಟಾಟಾ ಅವರು ರೈತಾಪಿ ಹುಡುಗರು ಬರಿಗಾಲಲ್ಲಿ ದೂರದ ಓಟ ಓಡುವುದನ್ನು ನೋಡಿದರು. ಇವರ ವೇಗ ಯುರೋಪಿನವರಿಗೆ ಹತ್ತಿರವೇ ಇದೆಯಲ್ಲ ಎಂದು ಅವರಿಗೆ ಅನ್ನಿಸಿತು. ಮರುವರ್ಷ, 1920ರಲ್ಲಿ, ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಹೋದ ಸಣ್ಣ ತಂಡ ಆ ನೋಟದ ಫಲ. ಆ ತಂಡದಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಮ್ಯಾರಥಾನ್‌ನಲ್ಲಿ 19ನೆಯವರಾಗಿ ಗುರಿ ಮುಟ್ಟಿದರು. ಈ ಘಟನೆಯನ್ನು ನಾನು ಮಕ್ಕಳಿಗೆ ಮತ್ತೆ ಮತ್ತೆ ಹೇಳುತ್ತಿದ್ದೆ. ನೋಡುವ ಕಣ್ಣು, ಕೊಡುವ ಕೈ ಎರಡೂ ಒಬ್ಬರಲ್ಲೇ ಇದ್ದದ್ದರಿಂದ ಆ ದಾರಿ ತೆರೆಯಿತು. ನಮ್ಮ ಹೋಬಳಿಗಳಲ್ಲಿ ಕಣ್ಣು ಇರುವುದು ಮೇಷ್ಟರಿಗೆ, ಕೈ ಇರುವುದು ಬೇರೆಯವರಿಗೆ.

ಆ ಕಣ್ಣಿಗೆ ತರಬೇತಿ ಕೊಡುವ ಕೆಲಸವೂ 1920ರಲ್ಲೇ ಶುರುವಾಯಿತು. ಮದ್ರಾಸಿನಲ್ಲಿ ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕನ್ ವೈಎಂಸಿಎಯ ದೈಹಿಕ ಶಿಕ್ಷಣ ಶಾಲೆಯನ್ನು ತೆರೆದರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತದ ಅಥ್ಲೀಟುಗಳನ್ನು ಸಜ್ಜು ಮಾಡಿದವರೂ ಅವರೇ. ದಕ್ಷಿಣದ ಶಾಲೆಗಳಲ್ಲಿ ‘ಡ್ರಿಲ್ ಮೇಷ್ಟ್ರು’ ಎಂಬ ಹುದ್ದೆಗೆ ಒಂದು ವಿದ್ಯೆ, ಒಂದು ಪಾಠಕ್ರಮ ಬಂದದ್ದು ಅಲ್ಲಿಂದ. ಜನರ ಬಾಯಲ್ಲಿ ಡ್ರಿಲ್ ಮೇಷ್ಟ್ರು ಆಮೇಲೆ ಪಿ.ಟಿ. ಮೇಷ್ಟ್ರಾದರು. ಆದರೆ ಶಾಲೆಯೊಳಗೆ ಆ ಹುದ್ದೆಯ ಸ್ಥಾನ ಇವತ್ತಿಗೂ ಅರ್ಧ ಮೆಟ್ಟಿಲ ಮೇಲೇ ನಿಂತಿದೆ. ಉಳಿದ ವಿಷಯದ ಶಿಕ್ಷಕರಂತೆ ನಮ್ಮನ್ನೂ ಸಹಶಿಕ್ಷಕರೆಂದು ಪರಿಗಣಿಸಿ, ದೈಹಿಕ ಶಿಕ್ಷಣದ ಕುರಿತ ವೈದ್ಯನಾಥನ್ ವರದಿಯನ್ನು ಜಾರಿಗೆ ತನ್ನಿ ಎಂಬುದು ನಮ್ಮ ವೃತ್ತಿಯವರ ಹಳೆಯ ಬೇಡಿಕೆ. ಮಕ್ಕಳ ಸಂಖ್ಯೆ ಕಡಿಮೆ ಇರುವ ಶಾಲೆಗೆ ದೈಹಿಕ ಶಿಕ್ಷಕರ ಹುದ್ದೆಯೇ ಇರುವುದಿಲ್ಲ. ಹಳ್ಳಿಯ ಶಾಲೆಗಳೇ ಚಿಕ್ಕವು. ಅಂದರೆ ಹೊಲ ತುಳಿದು ಗಟ್ಟಿಯಾದ ಕಾಲುಗಳಿರುವ ಕಡೆಯೇ ಅದನ್ನು ಗುರುತಿಸುವ ಕಣ್ಣು ಇಲ್ಲ.

1954ರಲ್ಲಿ ಭಾರತ ಶಾಲಾ ಕ್ರೀಡಾ ಒಕ್ಕೂಟ ಸ್ಥಾಪನೆಯಾಯಿತು. ಹದಿನಾಲ್ಕು, ಹದಿನೇಳು, ಹತ್ತೊಂಬತ್ತು ವರ್ಷದೊಳಗಿನವರು ಎಂದು ನಾವು ಮಕ್ಕಳನ್ನು ವಿಂಗಡಿಸುವುದು ಆ ಒಕ್ಕೂಟದ ಲೆಕ್ಕ. ಪ್ರಾಥಮಿಕ ಶಾಲೆ, ಪ್ರೌಢಶಾಲೆ, ಪದವಿಪೂರ್ವ ಕಾಲೇಜು ಎಂಬ ಮೂರು ಹಂತಕ್ಕೆ ಅದು ಸರಿಹೊಂದಿತು. ಹೋಬಳಿಯಿಂದ ರಾಷ್ಟ್ರಮಟ್ಟದವರೆಗಿನ ಏಣಿ ನಿಂತದ್ದು ಈ ಲೆಕ್ಕದ ಮೇಲೆ. ನಮ್ಮ ಹಾಸನ ಮೈಸೂರು ವಿಭಾಗಕ್ಕೆ ಸೇರಿದ್ದರಿಂದ ಜಿಲ್ಲೆ ದಾಟಿದ ಮಗು ಕೊಡಗು, ದಕ್ಷಿಣ ಕನ್ನಡ, ಉಡುಪಿ, ಮೈಸೂರಿನ ಮಕ್ಕಳ ಎದುರು ನಿಲ್ಲಬೇಕು. ಅಲ್ಲಿಗೆ ಹೋದ ಮೇಲೆಯೇ ನಮ್ಮ ಮಕ್ಕಳು ಮೊದಲ ಬಾರಿಗೆ ಸ್ಪೈಕ್ಸ್ ಹಾಕಿದ ಕಾಲುಗಳನ್ನು ಹತ್ತಿರದಿಂದ ನೋಡುತ್ತಿದ್ದದ್ದು.

ಹೋಬಳಿ ಕೂಟದ ಮೈದಾನವನ್ನು ನೋಡದವರಿಗೆ ಅದರ ಕಷ್ಟಸುಖ ಹೇಳಬೇಕು. ನಾನೂರು ಮೀಟರ್ ಟ್ರ್ಯಾಕ್ ಹಾಕುವಷ್ಟು ಜಾಗ ಯಾವ ಶಾಲೆಗೂ ಇರುವುದಿಲ್ಲ. ಇನ್ನೂರು ಮೀಟರ್ ಟ್ರ್ಯಾಕ್ ಹಾಕುತ್ತೇವೆ. ಒಂದು ಗೂಟ, ಒಂದು ಹಗ್ಗ, ಟೇಪು. ಗೂಟ ಹುಗಿದು, ಹಗ್ಗ ತಿರುಗಿಸಿ, ತಿರುವು ಗುರುತು ಮಾಡಿ ಸುಣ್ಣದ ಪುಡಿ ಸುರಿಯುತ್ತಾ ಹೋಗುವುದು. ರಾತ್ರಿ ಜಡಿಮಳೆ ಬಂದರೆ ಬೆಳಿಗ್ಗೆ ಗೆರೆ ಇರುವುದಿಲ್ಲ, ಮತ್ತೆ ಶುರು. ಇನ್ನೂರು ಮೀಟರ್ ಟ್ರ್ಯಾಕಿನಲ್ಲಿ ಮೂರು ಸಾವಿರ ಮೀಟರ್ ಓಡುವ ಮಗು ಹದಿನೈದು ಸುತ್ತು ಹಾಕಬೇಕು. ಸುತ್ತು ಎಣಿಸುವುದಕ್ಕೇ ಓಟಗಾರನಿಗೊಬ್ಬರಂತೆ ಶಿಕ್ಷಕರನ್ನು ಕೂರಿಸುತ್ತಿದ್ದೆವು. ಕನ್ನಡ ಮೇಷ್ಟ್ರು, ಗಣಿತದ ಮೇಡಂ, ಅಡುಗೆಯವರು, ಎಲ್ಲರೂ ಅಂದು ಕ್ರೀಡಾ ಅಧಿಕಾರಿಗಳೇ. ಮೊದಲ ಸ್ಥಾನಕ್ಕೆ ಐದು, ಎರಡನೆಯದಕ್ಕೆ ಮೂರು, ಮೂರನೆಯದಕ್ಕೆ ಒಂದು ಅಂಕ ಹಾಕಿ ಸಮಗ್ರ ಚಾಂಪಿಯನ್ ಶೀಲ್ಡ್ ಯಾರಿಗೆ ಎಂದು ಲೆಕ್ಕ ಕೂಡುವಷ್ಟರಲ್ಲಿ ಕತ್ತಲಾಗುತ್ತಿತ್ತು.

ಆಟಗಳ ವೈವಿಧ್ಯವನ್ನು ನಾವು ಬಡತನದಲ್ಲೂ ಬಿಟ್ಟುಕೊಟ್ಟವರಲ್ಲ. ಕಬಡ್ಡಿ, ಕೊಕ್ಕೊ, ವಾಲಿಬಾಲ್, ಹೆಣ್ಣುಮಕ್ಕಳ ಥ್ರೋಬಾಲ್, ಬಾಲ್ ಬ್ಯಾಡ್ಮಿಂಟನ್, ಗುಡ್ಡಗಾಡು ಓಟ, ನಡಿಗೆ, ಗುಂಡು, ಚಕ್ರ, ಭರ್ಜಿ. ಕೊಕ್ಕೊಗೆ ಎರಡು ಕಂಬ ಸಾಕು, ಕಬಡ್ಡಿಗೆ ಸಡಿಲಮಣ್ಣು ಸಾಕು. ಹೀಗಾಗಿ ನಮ್ಮ ಹಳ್ಳಿಗಳಲ್ಲಿ ಈ ಎರಡು ಆಟಗಳು ಆಳವಾಗಿ ಬೇರೂರಿವೆ. ಗಣೇಶನ ಹಬ್ಬ ಬಂದರೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ. ಭರ್ಜಿ ಎಸೆತ, ಪೋಲ್‌ವಾಲ್ಟ್, ಹರ್ಡಲ್ಸ್ ಸಾಮಗ್ರಿ ಇಲ್ಲದೆ ಬೆಳೆಯುವುದಿಲ್ಲ. ಬಿದಿರಿನ ಕೋಲು ಕೆತ್ತಿ ಭರ್ಜಿ ಎಂದು ಎಸೆಸಿದ್ದೇವೆ. ಹರ್ಡಲ್ಸ್ ಬದಲು ಕಲ್ಲುಗಳ ಮೇಲೆ ಬಿದಿರು ಅಡ್ಡ ಇಟ್ಟು ಹಾರಿಸಿದ್ದೇವೆ. ಜಿಲ್ಲೆಗೆ ಹೋಗಿ ನಿಜವಾದ ಭರ್ಜಿ ಕೈಗೆ ಬಂದಾಗ ನಮ್ಮ ಮಕ್ಕಳ ಕೈ ಅದರ ತೂಕಕ್ಕೆ ಹೊಂದಿಕೊಳ್ಳುವಷ್ಟರಲ್ಲಿ ಮೂರು ಎಸೆತ ಮುಗಿದಿರುತ್ತಿದ್ದವು.

ಹೈಜಂಪ್ ವಿಷಯ ಇನ್ನೂ ಸೂಕ್ಷ್ಮ. ಇವತ್ತಿನ ಜಗತ್ತು ಬೆನ್ನು ಕೆಳಗಾಗಿ ಹಾರುವ ಫಾಸ್ಬರಿ ಶೈಲಿಯಲ್ಲಿ ಹಾರುತ್ತದೆ. ಅದಕ್ಕೆ ದಪ್ಪನೆಯ ಫೋಮ್ ಹಾಸಿಗೆ ಬೇಕು. ನಮ್ಮಲ್ಲಿ ಇದ್ದದ್ದು ಮರಳು ಗುಂಡಿ, ಕೆಲವು ಕಡೆ ಮರಳಿನ ಮೇಲೆ ಭತ್ತದ ಹುಲ್ಲು. ಅದರಲ್ಲಿ ಬೆನ್ನು ಕೆಳಗೆ ಮಾಡಿ ಬಿದ್ದರೆ ಕುತ್ತಿಗೆ ಉಳಿಯುವುದಿಲ್ಲ. ಆದ್ದರಿಂದ ಹಳೆಯ ಕತ್ತರಿ ಶೈಲಿಯನ್ನೇ ಕಲಿಸುತ್ತಿದ್ದೆವು: ಒಂದು ಕಾಲು ಮೊದಲು, ಇನ್ನೊಂದು ಹಿಂದಿನಿಂದ, ಕಾಲ ಮೇಲೇ ಇಳಿಯುವುದು.

ಈ ಮಾತನ್ನು ಇಲ್ಲಿ ತಂದದ್ದು ಅರಕಲಗೂಡು ತಾಲ್ಲೂಕಿನ ಎಚ್.ಎನ್. ಗಿರೀಶ ಅವರಿಗಾಗಿ. ಹೊಸನಗರ ನಾಗರಾಜೇಗೌಡ ಗಿರೀಶ ಹುಟ್ಟಿದ್ದು 1988ರ ಜನವರಿ 26ರಂದು. ಹುಟ್ಟಿನಿಂದಲೇ ಎಡಗಾಲಿನಲ್ಲಿ ಊನ. 2012ರ ಸೆಪ್ಟೆಂಬರಿನಲ್ಲಿ ಲಂಡನ್ ಪ್ಯಾರಾಲಿಂಪಿಕ್ಸ್‌ನ ಹೈಜಂಪ್ ಎಫ್-42 ವಿಭಾಗದಲ್ಲಿ ಅವರು 1.74 ಮೀಟರ್ ಹಾರಿದರು. ಹಾರಿದ್ದು ಕತ್ತರಿ ಶೈಲಿಯಲ್ಲಿ. ಫಿಜಿ ದ್ವೀಪದ ಇಲಿಯೆಸಾ ಡೆಲಾನಾ ಹಾರಿದ್ದೂ 1.74, ಪೋಲೆಂಡಿನವರು ಹಾರಿದ್ದೂ ಅಷ್ಟೇ. ತಪ್ಪಿದ ಪ್ರಯತ್ನಗಳ ಲೆಕ್ಕದಲ್ಲಿ ಡೆಲಾನಾಗೆ ಚಿನ್ನ, ಗಿರೀಶ ಅವರಿಗೆ ಬೆಳ್ಳಿ. ಇಡೀ ಭಾರತಕ್ಕೆ ಆ ಪ್ಯಾರಾಲಿಂಪಿಕ್ಸ್‌ನಲ್ಲಿ ಬಂದ ಪದಕ ಅದೊಂದೇ. ದೇಶದ ಒಂದೇ ಒಂದು ಪದಕ ಅರಕಲಗೂಡಿನ ಒಬ್ಬ ಹುಡುಗನ ಕೊರಳಲ್ಲಿ ಇತ್ತು.

ಆ ಸುದ್ದಿ ಬಂದ ದಿನ ನಾನು ಶಾಲೆಯ ಮರಳು ಗುಂಡಿಯ ಮುಂದೆ ಹೋಗಿ ನಿಂತೆ. ನಾವು ಬೇರೆ ದಾರಿಯಿಲ್ಲದೆ, ಕೊಂಚ ನಾಚಿಕೆಯಿಂದಲೇ ಕಲಿಸುತ್ತಿದ್ದ ಕತ್ತರಿ ಶೈಲಿ ಲಂಡನ್ನಿನಲ್ಲಿ ಪದಕದ ಎತ್ತರ ದಾಟಿತ್ತು. ಅಂದಿನಿಂದ ಆ ಶೈಲಿ ಕಲಿಸುವಾಗ ನನಗೆ ನಾಚಿಕೆಯಾಗಲಿಲ್ಲ.

ಗಿರೀಶ ಅವರ ದಾರಿಯಲ್ಲಿ ‘ಆಮೇಲೇನು’ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಬೆಂಗಳೂರಿನಲ್ಲಿ. ತರಬೇತುದಾರ ಸತ್ಯನಾರಾಯಣ ಅವರ ಕೈಕೆಳಗೆ ಪಳಗಿದರು, ಅಂಗವಿಕಲರಿಗಾಗಿ ದುಡಿಯುವ ಸಮರ್ಥನಂ ಸಂಸ್ಥೆ ಬೆಂಬಲಕ್ಕೆ ನಿಂತಿತು. ಪದಕದ ನಂತರ 2013ರಲ್ಲಿ ಪದ್ಮಶ್ರೀ, 2014ರಲ್ಲಿ ಅರ್ಜುನ ಪ್ರಶಸ್ತಿ. ಅದೇ ಸತ್ಯನಾರಾಯಣ ಅವರ ಬಳಿ ಬೆಂಗಳೂರಿನಲ್ಲಿ ಪಳಗಿದ ಸೇಲಂ ಜಿಲ್ಲೆಯ ಮಾರಿಯಪ್ಪನ್ ತಂಗವೇಲು 2016ರಲ್ಲಿ ರಿಯೊದಲ್ಲಿ 1.89 ಮೀಟರ್ ಹಾರಿ ಚಿನ್ನ ಗೆದ್ದರು, ವರುಣ್ ಭಾಟಿ ಕಂಚು ಗೆದ್ದರು. ಲಂಡನ್ನಿನಲ್ಲಿ ಗಿರೀಶ ಒಬ್ಬರೇ ಪದಕದ ವೇದಿಕೆ ಹತ್ತಿದ್ದ ಹೈಜಂಪ್, ನಾಲ್ಕೇ ವರ್ಷದಲ್ಲಿ ಭಾರತದ ಭರವಸೆಯ ಆಟವಾಯಿತು. ಒಬ್ಬರು ಹಾರಿದ ಜಾಗದಲ್ಲಿ ಇನ್ನಿಬ್ಬರಿಗೆ ಹಾರುವ ಧೈರ್ಯ ಬರುತ್ತದೆ ಎಂಬುದನ್ನು ನಾನು ನಂಬುತ್ತೇನೆ.

ಒಂದು ನೋವನ್ನೂ ಇಲ್ಲೇ ಹೇಳಬೇಕು. ನಾನು ಕಂಡ ಹೋಬಳಿ ಕೂಟಗಳಲ್ಲಿ ಅಂಗವಿಕಲ ಮಕ್ಕಳಿಗೆ ಪ್ರತ್ಯೇಕ ವಿಭಾಗ ಇರಲಿಲ್ಲ. ಅವರು ಚಪ್ಪಾಳೆ ತಟ್ಟುವ ಸಾಲಿನಲ್ಲಿ ಕೂರುತ್ತಿದ್ದರು. ನಾನೂ ಎಷ್ಟೋ ಮಕ್ಕಳನ್ನು ಹಾಗೇ ಕೂರಿಸಿದ್ದೇನೆ. ನಮ್ಮದೇ ಜಿಲ್ಲೆಯ ಹುಡುಗ ಪದಕ ತಂದ ಮೇಲೂ ಅಂಕಪಟ್ಟಿಯಲ್ಲಿ ಒಂದು ಹೊಸ ಕಾಲಂ ಗೆರೆ ಎಳೆಯಲು ನಮಗೆ ತೋಚಲಿಲ್ಲ.

ಹಾಸನದಲ್ಲಿ ಹುಟ್ಟಿದ ಇನ್ನೊಬ್ಬರು ಸುಹಾಸ್ ಯತಿರಾಜ್. ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದಿ, ಐಎಎಸ್ ಅಧಿಕಾರಿಯಾಗಿ ಉತ್ತರ ಪ್ರದೇಶಕ್ಕೆ ಹೋದವರು. ಅಲ್ಲಿ ಜಿಲ್ಲಾಧಿಕಾರಿಯ ಕೆಲಸದ ನಡುವೆಯೇ ಪ್ಯಾರಾ ಬ್ಯಾಡ್ಮಿಂಟನ್ ಆಡಿ 2016ರಲ್ಲಿ ಏಷ್ಯನ್ ಚಾಂಪಿಯನ್ ಆದರು. ಟೋಕಿಯೊದಲ್ಲಿ, ಮತ್ತೆ 2024ರಲ್ಲಿ ಪ್ಯಾರಿಸ್‌ನಲ್ಲಿ ಎಸ್‌ಎಲ್-4 ವಿಭಾಗದ ಬೆಳ್ಳಿ ಗೆದ್ದರು. ಎರಡೂ ಬಾರಿ ಫೈನಲ್‌ನಲ್ಲಿ ಎದುರಿಗಿದ್ದವರು ಫ್ರಾನ್ಸಿನ ಲುಕಾ ಮಜೂರ್. ಹೀಗೆ ಮೂರು ಪ್ಯಾರಾಲಿಂಪಿಕ್ ಬೆಳ್ಳಿಗಳಿಗೆ ಹಾಸನ ಜಿಲ್ಲೆಯ ನಂಟಿದೆ. ಸುಹಾಸ್ ಅವರ ಆಟ ಅರಳಿದ್ದು ನಮ್ಮ ಮೈದಾನಗಳಿಂದ ದೂರದಲ್ಲಿ. ಆ ಕೀರ್ತಿಯನ್ನು ನಮ್ಮದೆಂದು ಹೇಳಿಕೊಳ್ಳುವುದು ನ್ಯಾಯವಲ್ಲ, ಆದರೆ ಸಂತೋಷ ಪಡುವುದಕ್ಕೆ ಅಡ್ಡಿಯಿಲ್ಲ.

ಕ್ರಿಕೆಟ್ಟಿನದೂ ಹೆಚ್ಚು ಕಡಿಮೆ ಇದೇ ಕತೆ. ಅರಸೀಕೆರೆ ತಾಲ್ಲೂಕಿನ ಜಾವಗಲ್ ಎಂಬ ಹೋಬಳಿ ಊರಿನ ಹೆಸರು ಇಡೀ ಕ್ರಿಕೆಟ್ ಜಗತ್ತಿಗೆ ಗೊತ್ತಾದದ್ದು ಶ್ರೀನಾಥ್ ಅವರಿಂದ. ಅವರು ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ. ಟೆಸ್ಟ್‌ನಲ್ಲಿ 236, ಏಕದಿನ ಪಂದ್ಯಗಳಲ್ಲಿ 315 ವಿಕೆಟ್ ತೆಗೆದರು. 1996ರ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ಆಸ್ಟ್ರೇಲಿಯಾ ವಿರುದ್ಧದ ಟೆಸ್ಟ್‌ಗೆ ಶ್ರೀನಾಥ್ ಗಾಯಗೊಂಡು ಹೊರಗುಳಿದಾಗ ಆ ಜಾಗಕ್ಕೆ ಬಂದವರು ಡೇವಿಡ್ ಜಾನ್ಸನ್. ಅವರು ಹುಟ್ಟಿದ್ದು ಅರಸೀಕೆರೆಯಲ್ಲಿ. ಜಾವಗಲ್ ಬಿಟ್ಟ ಚೆಂಡನ್ನು ಅರಸೀಕೆರೆ ಹಿಡಿಯಿತು ಎಂದು ಆಗ ನಾವು ಶಿಕ್ಷಕರ ಕೊಠಡಿಯಲ್ಲಿ ಮಾತಾಡಿಕೊಂಡಿದ್ದೆವು. ಜಾನ್ಸನ್ ಆಡಿದ್ದು ಎರಡೇ ಟೆಸ್ಟ್, ಆದರೆ ಅವರ ವೇಗ ನೋಡಿದವರು ಮರೆತಿಲ್ಲ. ಪ್ರಥಮ ದರ್ಜೆ ಪಂದ್ಯಗಳಲ್ಲಿ 125 ವಿಕೆಟ್ ತೆಗೆದಿದ್ದ ಅವರು 2024ರ ಜೂನ್‌ನಲ್ಲಿ ತೀರಿಕೊಂಡರು. ದೊಡ್ಡ ಅಂಗಳ ದಾಟಿ ಬಂದ ಆಟಗಾರನ ‘ಆಮೇಲೇನು’ ಎಂಬ ಪ್ರಶ್ನೆಯೂ ಸಣ್ಣದಲ್ಲ.

ಈಗ ಸರ್ಕಾರದ ಉತ್ತರಗಳಿಗೆ ಬರುತ್ತೇನೆ. ಇವುಗಳಲ್ಲಿ ನನಗೆ ಹೆಚ್ಚು ಗೌರವ ಇರುವುದು ಕ್ರೀಡಾ ಶಾಲೆ ಮತ್ತು ಕ್ರೀಡಾ ನಿಲಯಗಳ ಬಗ್ಗೆ. ಹಿಂದಿನ ಯುವಜನ ಸೇವಾ ಮತ್ತು ಕ್ರೀಡಾ ಇಲಾಖೆ, ಇಂದಿನ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ, ಜಿಲ್ಲೆಗಳಲ್ಲಿ ಇವನ್ನು ನಡೆಸುತ್ತಿದೆ. ಐದನೇ ತರಗತಿ, ಎಂಟನೇ ತರಗತಿಗೆ ಮಕ್ಕಳನ್ನು ಆರಿಸಿ, ಊಟ ವಸತಿ ಕೊಟ್ಟು, ಬೆಳಿಗ್ಗೆ ಸಂಜೆ ತರಬೇತಿ ಕೊಟ್ಟು, ನಡುವೆ ಶಾಲೆಗೆ ಕಳಿಸುವ ಪದ್ಧತಿ. ಬೆಂಗಳೂರಿನ ವಿದ್ಯಾನಗರ, ಕೊಡಗಿನ ಕೂಡಿಗೆ ಇವುಗಳ ಹೆಸರು ನಮ್ಮ ಹೋಬಳಿಯ ಮನೆಗಳಲ್ಲೂ ಪರಿಚಿತ. ಗರಡಿಯ ಹಾಲನ್ನು ಎಲ್ಲ ಜಾತಿಯ ಮಕ್ಕಳಿಗೆ, ಹೆಣ್ಣುಮಕ್ಕಳಿಗೆ, ಎಲ್ಲ ಆಟಗಳಿಗೆ ತಲುಪಿಸಿದ್ದು ಈ ನಿಲಯಗಳು. ನಿಲಯಕ್ಕೆ ಸೇರಿದ ಮಗು ಮೂರು ತಿಂಗಳಿಗೆ ಊರಿಗೆ ಬಂದಾಗ ಅದರ ಭುಜ, ನಡಿಗೆ, ಮಾತು ಎಲ್ಲ ಬದಲಾಗಿರುತ್ತಿತ್ತು. ದಿನಕ್ಕೆರಡು ಮೊಟ್ಟೆ, ಹೊತ್ತಿಗೆ ಸರಿಯಾದ ಊಟ ಏನು ಮಾಡಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ನಿಲಯದ ಹೊರಗೆ ಉಳಿದ ಯುವಕರಿಗೆ ದಸರಾ ಕ್ರೀಡಾಕೂಟ ಇದೆ. ತಾಲ್ಲೂಕಿನಿಂದ ಶುರುವಾಗಿ ಮೈಸೂರಿನವರೆಗೆ ಹೋಗುತ್ತದೆ. ಶಾಲೆ ಬಿಟ್ಟವರು, ಕೂಲಿಗೆ ಹೋಗುವವರು, ಮದುವೆಯಾದ ಹೆಣ್ಣುಮಕ್ಕಳು ಮತ್ತೊಮ್ಮೆ ಮೈದಾನಕ್ಕೆ ಇಳಿಯುವುದು ಆಗಲೇ. ಕೇಂದ್ರ ಸರ್ಕಾರ 2008ರಲ್ಲಿ ತಂದ ಯೋಜನೆಯನ್ನು ನಮ್ಮ ಹಳ್ಳಿಗಳು ‘ಪೈಕಾ’ ಎಂದೇ ಕರೆದವು. ಪಂಚಾಯಿತಿಗೊಂದು ಮೈದಾನ, ಒಂದಿಷ್ಟು ಸಾಮಗ್ರಿ, ಮಕ್ಕಳನ್ನು ಆಡಿಸಲು ‘ಕ್ರೀಡಾಶ್ರೀ’ ಎಂಬ ಒಬ್ಬ ತರಬೇತುದಾರ ಎಂಬುದು ಅದರ ಆಸೆ. ಕೆಲವು ಪಂಚಾಯಿತಿಗಳಲ್ಲಿ ವಾಲಿಬಾಲ್ ಕಂಬಗಳು ಇನ್ನೂ ನಿಂತಿವೆ, ಉಳಿದ ಕಡೆ ಬೀರುವಿನೊಳಗೆ ಚೆಂಡುಗಳು ಗಾಳಿ ಇಳಿದು ಕೂತವು. 2014ರಲ್ಲಿ ಅದು ಬೇರೆ ಹೆಸರಿನ ಯೋಜನೆಯಾಯಿತು, ಆಮೇಲೆ ಖೇಲೋ ಇಂಡಿಯಾದೊಳಗೆ ಸೇರಿತು. 2018ರ ಆರಂಭದಲ್ಲಿ ದೆಹಲಿಯಲ್ಲಿ ಮೊದಲ ಖೇಲೋ ಇಂಡಿಯಾ ಶಾಲಾ ಕ್ರೀಡಾಕೂಟ ನಡೆಯಿತು. ಗುರುತಾದ ಮಗುವಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಯಂತೆ 8 ವರ್ಷ ನೆರವು ಎಂಬುದು ಆಗ ಅದರ ದೊಡ್ಡ ಮಾತಾಗಿತ್ತು. ಎಂಟು ವರ್ಷ ಎಂದು ಮೊದಲೇ ಹೇಳಿದ್ದೇ ನನಗೆ ಹಣಕ್ಕಿಂತ ಮುಖ್ಯವಾಗಿ ಕಂಡಿತು. ನಮ್ಮ ರಾಜ್ಯವೂ 2021ರಲ್ಲಿ ಅಮೃತ ಕ್ರೀಡಾ ದತ್ತು ಯೋಜನೆ ಘೋಷಿಸಿ ಪ್ಯಾರಿಸ್ ಒಲಿಂಪಿಕ್ಸ್ ಮೇಲೆ ಕಣ್ಣಿಟ್ಟು 75 ಕ್ರೀಡಾಪಟುಗಳನ್ನು ಆರಿಸಲು ಹೊರಟಿತು.

ಇವೆಲ್ಲ ಏಣಿಯ ಮೇಲಿನ ಮೆಟ್ಟಿಲುಗಳು. ನಮ್ಮ ಮಕ್ಕಳು ಕಳೆದುಹೋಗುವುದು ಹೋಬಳಿಗೂ ಜಿಲ್ಲೆಗೂ ನಡುವೆ, ಎಂಟನೇ ತರಗತಿಗೂ ಪಿಯುಸಿಗೂ ನಡುವೆ. ಕೆಲವು ವರ್ಷಗಳಿಂದ ಘಟ್ಟದ ಕೆಳಗಿನ ವಿದ್ಯಾಸಂಸ್ಥೆಗಳು ಈ ಜಾಗವನ್ನು ತುಂಬುತ್ತಿವೆ. ಮೂಡುಬಿದಿರೆಯ ಆಳ್ವಾಸ್‌ನಲ್ಲಿ ಮೋಹನ ಆಳ್ವರು ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಓದು, ಊಟ, ವಸತಿ ಎಲ್ಲವನ್ನೂ ಉಚಿತವಾಗಿ ಕೊಡುವುದು ನಾಡಿಗೇ ಗೊತ್ತು. ಉಜಿರೆಯಲ್ಲೂ ಕ್ರೀಡಾ ವಿದ್ಯಾರ್ಥಿಗಳಿಗೆ ಆಸರೆಯಿದೆ. ಶಿರಾಡಿ ಘಾಟಿ ಇಳಿದು ಹೋದ ನಮ್ಮ ಕಡೆಯ ಮಕ್ಕಳು ಆ ಸಂಸ್ಥೆಗಳ ಜೆರ್ಸಿ ತೊಟ್ಟು ಗೆದ್ದಾಗ ಪತ್ರಿಕೆಯಲ್ಲಿ ಹಾಸನದ ಹೆಸರು ಬರುವುದಿಲ್ಲ. ಅದರಿಂದ ನನಗೆ ಬೇಸರವಿಲ್ಲ. ಮಗು ಓಡುತ್ತಿದೆಯಲ್ಲ, ಅಷ್ಟು ಸಾಕು.

ಬೇಸರವಾಗುವುದು ಬೇರೆ ಕಾರಣಕ್ಕೆ. ಅರಕಲಗೂಡಿನ ಗಡಿ ದಾಟಿದರೆ ಸೋಮವಾರಪೇಟೆ. ಆ ಊರಿನ ಎಸ್.ವಿ. ಸುನಿಲ್ ಬಿದಿರಿನ ಕೋಲಿನಲ್ಲಿ ಹಾಕಿ ಕಲಿತು 2012, 2016ರ ಎರಡು ಒಲಿಂಪಿಕ್ಸ್ ಆಡಿದರು. ಕೊಡಗಿನಲ್ಲಿ ಮಗು ಕೋಲು ಹಿಡಿದರೆ ಅದನ್ನು ನೋಡಲು ಒಂದು ಸಮಾಜವೇ ಮೈದಾನದ ಸುತ್ತ ಕೂತಿರುತ್ತದೆ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರುಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಆಗ ಬಂದದ್ದು 60 ಕುಟುಂಬಗಳು. 2024ರಲ್ಲಿ ನಾಪೋಕ್ಲುವಿನಲ್ಲಿ ಆಡಿದ್ದು 360 ಕುಟುಂಬಗಳು. ಪ್ರತಿ ವರ್ಷ ಒಂದು ಮನೆತನ ಜವಾಬ್ದಾರಿ ಹೊರುತ್ತದೆ. ಅಲ್ಲಿ ಅಜ್ಜ, ಸೊಸೆ, ಮೊಮ್ಮಗ ಒಂದೇ ತಂಡದಲ್ಲಿ ಆಡುತ್ತಾರೆ. ಅಷ್ಟು ಹತ್ತಿರದಲ್ಲಿ ಇಂಥದೊಂದು ನಡೆಯುತ್ತಿರುವಾಗ ಹೇಮಾವತಿಯ ಈ ದಡದಲ್ಲಿ ನಾವು ನಮ್ಮ ಕಬಡ್ಡಿಗೆ, ಕೊಕ್ಕೊಗೆ ಅಂಥ ಮನೆತನದ ಹೊಣೆ ಕಟ್ಟಿಕೊಳ್ಳಲಿಲ್ಲ. ಪಂದ್ಯಾವಳಿಗೆ ಚಂದಾ ಎತ್ತುತ್ತೇವೆ, ಆಟಗಾರನಿಗೆ ಎತ್ತುವುದಿಲ್ಲ. ಟ್ರೋಫಿ ಆಳೆತ್ತರ, ಹಾರ ತುರಾಯಿ ಬೇಕಾದಷ್ಟು. ಆಡಿದ ಹುಡುಗ ರಾತ್ರಿ ಕೊನೆಯ ಬಸ್ಸಿಗೆ ಕಾಸು ಹುಡುಕುತ್ತಿರುತ್ತಾನೆ.

ಹಾಗೆಂದು ನಮ್ಮ ಹೋಬಳಿಯವರು ಏನೂ ಕೊಟ್ಟಿಲ್ಲ ಎಂದರೆ ತಪ್ಪಾಗುತ್ತದೆ. ಕೊಟ್ಟವರ ಹೆಸರು ಯಾವ ಸಂಚಿಕೆಯಲ್ಲೂ ಬಂದಿಲ್ಲ, ಅವರು ಬಯಸಿದವರೂ ಅಲ್ಲ. ಹಾಲಿನ ಡೇರಿಗೆ ಹಾಲು ಹಾಕಲು ಬರುತ್ತಿದ್ದ ಒಬ್ಬ ಅಜ್ಜಿ ಓಟದ ಹುಡುಗರಿಗೆ ದಿನಾ ಒಂದು ಚೊಂಬು ಹಾಲು ಬಿಟ್ಟುಕೊಡುತ್ತಿದ್ದರು, ಎರಡು ವರ್ಷ. ಒಬ್ಬ ಬಸ್ ಕಂಡಕ್ಟರ್ ಹಾಸನದ ಜಿಲ್ಲಾ ಕ್ರೀಡಾಂಗಣಕ್ಕೆ ಹೋಗುವ ಮಕ್ಕಳ ಟಿಕೆಟ್ಟಿಗೆ ತನ್ನ ಜೇಬಿನಿಂದ ಹಾಕುತ್ತಿದ್ದ. ಒಂದು ಜೊತೆ ಸ್ಪೈಕ್ಸ್ ನಾಲ್ಕು ವರ್ಷ ನಾಲ್ಕು ಮಕ್ಕಳ ಕಾಲಿಗೆ ಹೋಯಿತು. ಕಾಲು ಚಿಕ್ಕದಾದವನು ಮುಂದೆ ಬಟ್ಟೆ ತುರುಕಿಕೊಂಡು ಓಡಿದ. ಅವನಿಗೆ ಈಗ ಸರ್ಕಾರಿ ಕೆಲಸ ಇದೆ, ದಸರಾ ಕೂಟಕ್ಕೆ ತೀರ್ಪುಗಾರನಾಗಿ ಬರುತ್ತಾನೆ. ಬಂದಾಗಲೆಲ್ಲ ಶಾಲೆಗೆ ಒಂದು ಜೊತೆ ಹೊಸ ಸ್ಪೈಕ್ಸ್ ತರುತ್ತಾನೆ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಬೇಕಾದದ್ದು ಇನ್ನೂ ಚಿಕ್ಕ ಚಿಕ್ಕ ವಸ್ತುಗಳು. ಬಟ್ಟೆ ಬದಲಿಸಲು ಬಾಗಿಲಿರುವ ಒಂದು ಕೋಣೆ, ನೀರಿರುವ ಶೌಚಾಲಯ, ಹೊರಗಿನ ಊರಿಗೆ ಹೋಗುವಾಗ ಜೊತೆಗೊಬ್ಬರು ಶಿಕ್ಷಕಿ. ನನ್ನ ಅನುಭವದಲ್ಲಿ ಜಿಲ್ಲಾ ಮಟ್ಟಕ್ಕೆ ಆಯ್ಕೆಯಾಗಿಯೂ ಹೋಗದ ಹುಡುಗಿಯರಲ್ಲಿ ಹೆಚ್ಚಿನವರು ಮನೆಯವರ ವಿರೋಧದಿಂದ ಉಳಿದವರಲ್ಲ. ‘ಜೊತೆಗೆ ಮೇಡಂ ಯಾರು ಬರ್ತಾರೆ?’ ಎಂಬ ಪ್ರಶ್ನೆಗೆ ನಮ್ಮ ಬಳಿ ಉತ್ತರ ಇಲ್ಲದ್ದರಿಂದ ಉಳಿದವರು. ಒಬ್ಬ ವಿಜ್ಞಾನ ಶಿಕ್ಷಕಿ ತಾವಾಗಿಯೇ ಜೊತೆಗೆ ಹೊರಡಲು ಒಪ್ಪಿದ ವರ್ಷ ನಮ್ಮ ಥ್ರೋಬಾಲ್ ತಂಡ ವಿಭಾಗ ಮಟ್ಟಕ್ಕೆ ಹೋಯಿತು. ಅವರಿಗೆ ಆ ಆಟದ ನಿಯಮ ಗೊತ್ತಿರಲಿಲ್ಲ. ಪಂದ್ಯ ಮುಗಿಯುವವರೆಗೆ ಮಕ್ಕಳ ಚೀಲಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

ಸಮಿತಿಯವರು ಈ ಸಂಚಿಕೆಯ ಕೊನೆಯಲ್ಲಿ ದಾನಿಗಳ ಪಟ್ಟಿ ಹಾಕುತ್ತೇವೆ ಎಂದಿದ್ದಾರೆ. ನನ್ನದೊಂದು ಕೋರಿಕೆ. ಈ ಸಲ ಉಳಿಯುವ ಹಣದಲ್ಲಿ ಶೀಲ್ಡ್ ಬೇಡ, ಒಂದು ಫೋಮ್ ಹಾಸಿಗೆ ತರೋಣ. ಅಂಕಪಟ್ಟಿಯಲ್ಲಿ ಅಂಗವಿಕಲ ಮಕ್ಕಳ ಕಾಲಂ ಒಂದನ್ನು ಈ ವರ್ಷವೇ ಸೇರಿಸೋಣ. ಹೋಬಳಿಯಲ್ಲಿ ಗೆದ್ದ ಹತ್ತು ಮಕ್ಕಳನ್ನು ಹತ್ತು ಮನೆಗಳವರು ಹಂಚಿಕೊಂಡು ಎರಡು ವರ್ಷ ಹಾಲು, ಮೊಟ್ಟೆ, ಬಸ್ ಚಾರ್ಜು ನೋಡಿಕೊಳ್ಳಲಿ. ಮೊದಲ ಹೆಸರು ನನ್ನದು ಬರೆದುಕೊಳ್ಳಿ.

ಪೋಷಕರಿಗೆ ಒಂದು ಮಾತು. ಕ್ರೀಡಾ ನಿಲಯದ ಆಯ್ಕೆಗೆ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ, ಶಾಲೆಗೂ ತಿಳಿಸುತ್ತಾರೆ. ಮಗು ನಾಲ್ಕನೇ ತರಗತಿಯಲ್ಲೋ ಏಳನೇ ತರಗತಿಯಲ್ಲೋ ಇದ್ದರೆ ಈಗಲೇ ಬಂದು ನಮ್ಮನ್ನು ಕೇಳಿ. ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ವ್ಯಾಸಂಗ ಪತ್ರ, ಎರಡು ಫೋಟೊ ತಯಾರಿರಲಿ. ಎತ್ತರ, ತೂಕ ನೋಡುತ್ತಾರೆ, ಓಡಿಸುತ್ತಾರೆ, ನಿಂತಲ್ಲಿಂದ ಜಿಗಿಸುತ್ತಾರೆ, ಚೆಂಡು ಎಸೆಸುತ್ತಾರೆ. ಷೂ ಇಲ್ಲದಿದ್ದರೆ ಚಿಂತೆ ಬೇಡ, ಬರಿಗಾಲಲ್ಲೇ ಕರೆತನ್ನಿ. ಬೆಳಿಗ್ಗೆ ಮಾತ್ರ ಹೊಟ್ಟೆ ತುಂಬ ತಿಂಡಿ ತಿನ್ನಿಸಿ ಕಳಿಸಿ.